ಕರ್ಜಿಕಾಯಿ ವಿಧಾನದ ಕೊನೆಗೆ ಎರಡು ಸಾಲು ಸೇರಿಸಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ದೀಪಾವಳಿ ಪುರವಣಿಯಲ್ಲಿ ಕರಿದ ತಿಂಡಿಗಳ ವಿಧಾನ ಬಂದಿತ್ತು. ಚಕ್ಕುಲಿ, ಕೋಡುಬಳೆ, ಶಂಕರಪೋಳಿ, ಕರ್ಜಿಕಾಯಿ. ಎಲ್ಲದರ ಕೊನೆಗೂ ಒಂದೇ ಸಾಲು: ‘ಕಾದ ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಕರಿದು ತೆಗೆಯಿರಿ.’ ನಾನು ಹದಿನೆಂಟು ವರ್ಷದಿಂದ ಮನೆಯಲ್ಲೇ ಆರ್ಡರ್ ಹಿಡಿದು ಹಬ್ಬದ ತಿಂಡಿ ಮಾಡಿಕೊಡುವವಳು. ದಾವಣಗೆರೆ ವಿದ್ಯಾನಗರದಲ್ಲಿ ನಮ್ಮ ಮನೆ. ಅಳತೆಯ ಬಗ್ಗೆ ನನ್ನದೇನೂ ತಕರಾರಿಲ್ಲ. ಶಂಕರಪೋಳಿಗೆ ಸಕ್ಕರೆ ಸ್ವಲ್ಪ ಜಾಸ್ತಿ ಬರೆದಿದ್ದೀರಿ, ಇರಲಿ. ನನ್ನ ತಕರಾರು ಆ ಕೊನೆಯ ಸಾಲಿನದು. ಎಣ್ಣೆ ಕಾಯಲು ಇಡಿ ಎನ್ನುತ್ತೀರಿ. ಇಟ್ಟ ಮೇಲೆ ಅದನ್ನು ಬಿಟ್ಟು ಎಲ್ಲಿಗೂ ಹೋಗಬೇಡಿ ಎಂದು ಮಾತ್ರ ಬರೆಯುವುದಿಲ್ಲ.

ಯಾಕೆ ಹೇಳುತ್ತೇನೆ ಅಂದರೆ, ನಾನು ಹೋಗಿದ್ದೆ.

ಹೋದ ವರ್ಷ ನೀರು ತುಂಬುವ ಹಬ್ಬದ ಸಂಜೆ. ಇನ್ನೂ ಮೂರು ಮನೆಯ ಆರ್ಡರ್ ಬಾಕಿ ಇತ್ತು. ದೊಡ್ಡ ಬಾಣಲೆಯಲ್ಲಿ ಎರಡು ಲೀಟರ್ ಎಣ್ಣೆ. ನಾಲ್ಕನೇ ಸಲ ಬಿಟ್ಟ ಕರ್ಜಿಕಾಯಿ ತೆಗೆದೆ. ಎಣ್ಣೆಯ ಕಾವು ಇಳಿದಿದೆ ಅನ್ನಿಸಿತು. ಉರಿ ದೊಡ್ಡದು ಮಾಡಿದೆ. ಅಷ್ಟರಲ್ಲಿ ಗೇಟಿನ ಹತ್ತಿರ ಚೆಂಡುಹೂವಿನವಳು ಕೂಗಿದಳು. ಮಾರು ಎಷ್ಟು ಅಂತ ಕೇಳಿ ಬಂದುಬಿಡೋಣ ಅಂತ ಹೋದೆ. ಹೋದವಳು ಮಾರಿಗೆ ಹತ್ತು ರೂಪಾಯಿ ಇಳಿಸಲು ನಿಂತೆ. ಎದುರು ಮನೆಯವರೂ ಹೂವಿಗೆ ಬಂದರು. ಅವರ ಸೊಸೆಯ ಸೀಮಂತದ ಮಾತು ಬಂತು. ಎಷ್ಟು ಹೊತ್ತು ನಿಂತೆನೋ ನೆನಪಿಲ್ಲ. ಹತ್ತು ನಿಮಿಷ ಆಗಿರಬಹುದು.

ಒಳಗೆ ಬಂದರೆ ಬಾಣಲೆಯೇ ಉರಿಯುತ್ತಿತ್ತು. ಎಣ್ಣೆಯ ಮೇಲೆ ಮೊಳದುದ್ದ ಬೆಂಕಿ. ಮೇಲಿನ ಶೆಲ್ಫಿಗೆ ಹಾಸಿದ್ದ ಹಳೆಯ ಪೇಪರಿನ ಅಂಚು ಕಪ್ಪಗಾಗುತ್ತಿತ್ತು. (ನಿಮ್ಮದೇ ಪತ್ರಿಕೆ, ಬೇಜಾರು ಮಾಡಿಕೊಳ್ಳಬೇಡಿ.)

ಒಲೆಯ ಉರಿ ತಾಗಿದರೆ ಮಾತ್ರ ಎಣ್ಣೆ ಹೊತ್ತಿಕೊಳ್ಳುತ್ತದೆ ಅಂತ ನಾನು ಅಲ್ಲಿಯವರೆಗೆ ತಿಳಿದಿದ್ದೆ. ಹಾಗೇನೂ ಇಲ್ಲ. ಕರಿಯಲು 170–180 ಡಿಗ್ರಿ ಕಾವು ಸಾಕು. ಉರಿ ಇಳಿಸದೆ ಬಿಟ್ಟರೆ ಮೊದಲು ತೆಳ್ಳಗೆ ಹೊಗೆ ಏಳುತ್ತದೆ, ಆಮೇಲೆ ಹೊಗೆ ದಟ್ಟವಾಗುತ್ತದೆ. ಕಾವು 350 ಡಿಗ್ರಿ ದಾಟಿ ಹೋದರೆ ಕಿಡಿಯೇ ಬೇಡ, ಎಣ್ಣೆ ತಾನಾಗಿ ಹತ್ತಿಕೊಳ್ಳುತ್ತದೆ. ನಾಲ್ಕಾರು ಸಲ ಕರಿದ ಎಣ್ಣೆಯಾದರೆ ಹೊಸ ಎಣ್ಣೆಗಿಂತ ಬೇಗ ಹೊಗೆಯಾಡುತ್ತದೆ. ಹೊಗೆ ಕಂಡ ಕೂಡಲೇ ಒಲೆ ಆರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಗೆ ಕಾಣಲು ಯಾರಾದರೂ ಅಲ್ಲಿರಬೇಕಲ್ವಾ?

ನಾನು ಕಿರುಚಿದ್ದಕ್ಕೆ ನಮ್ಮ ಯಜಮಾನರು ಓಡಿ ಬಂದರು. ಹಬ್ಬಕ್ಕೆ ಅಂತ ತೊಳೆದು ನೀರು ತುಂಬಿಟ್ಟ ತಾಮ್ರದ ಕೊಡ ಅಲ್ಲೇ ಇತ್ತು. ಸೀದಾ ಅದಕ್ಕೇ ಕೈ ಹಾಕಿದರು. ‘ನೀರು ಬ್ಯಾಡ್ರೀ! ನೀರು ಬ್ಯಾಡ!’ ಅಂತ ಅವರ ತೋಳು ಹಿಡಿದು ಎಳೆದೆ. ಕೊಡ ಬಾಗಿಲ ಹತ್ತಿರ ಉರುಳಿ ಹೋಯಿತು. ಅದರ ಸೊಟ್ಟ ಈಗಲೂ ಹಾಗೇ ಇದೆ.

ಒಲೆಯ ತಿರುಗಣೆ ಬೆಂಕಿಯ ಆಚೆ ಇತ್ತು, ಕೈ ಹಾಕುವಂತಿರಲಿಲ್ಲ. ಅವರು ಕಟ್ಟೆಯ ಕೆಳಗೆ ಬಗ್ಗಿ ರೆಗ್ಯುಲೇಟರ್ ಆರಿಸಿದರು. ಗೋಡೆಗೆ ಒರಗಿಸಿದ್ದ ಹೋಳಿಗೆ ಹಂಚನ್ನು ನಾನು ಎರಡೂ ಕೈಯಲ್ಲಿ ಹಿಡಿದು, ನನ್ನ ಕಡೆಯ ಅಂಚಿನಿಂದ ಆ ಕಡೆಗೆ ಬಾಣಲೆಯ ಮೇಲೆ ಸರಿಸಿದೆ. ಮೇಲಿಂದ ಬೀಳಿಸಿದರೆ ಎಣ್ಣೆ ಸಿಡಿಯುತ್ತದೆ, ಸರಿಸಬೇಕು. ಬೆಂಕಿ ಸುತ್ತ ಒಂದೆರಡು ಸಲ ನಾಲಿಗೆ ಚಾಚಿ ಅಡಗಿತು. ನನ್ನ ಬಲಗೈ ಮಣಿಕಟ್ಟು ಸುಟ್ಟಿತು.

ಮುಗಿಯಿತು ಅಂದುಕೊಂಡೆವು. ಐದು ನಿಮಿಷ ಬಿಟ್ಟು ಯಜಮಾನರು ಏನಾಗಿದೆ ನೋಡೋಣ ಅಂತ ಇಕ್ಕಳದಲ್ಲಿ ಹಂಚು ಎತ್ತಿದರು. ಭಗ್ ಅಂತ ಮತ್ತೆ ಹತ್ತಿಕೊಂಡಿತು. ಎಣ್ಣೆ ಇನ್ನೂ ಅಷ್ಟೇ ಕಾದಿರುತ್ತದೆ, ಗಾಳಿ ಸಿಕ್ಕಿದರೆ ಸಾಕು. ಮತ್ತೆ ಮುಚ್ಚಿ, ಒಂದು ತಾಸು ಯಾರೂ ಅಡುಗೆ ಮನೆ ಕಡೆ ಹೋಗಲಿಲ್ಲ. ಹಂಚು ತೆಗೆದಾಗ ಬಾಣಲೆಯಲ್ಲಿದ್ದದ್ದು ಎಣ್ಣೆಯಲ್ಲ, ಟಾರು.

ನೀರು ಬೇಡ ಅಂತ ನನಗೆ ಹೇಗೆ ಗೊತ್ತಿತ್ತು ಅಂತ ಆಮೇಲೆ ಎಲ್ಲರೂ ಕೇಳಿದರು. ಏಪ್ರಿಲ್‌ನಲ್ಲಿ ಮೊಮ್ಮಗಳನ್ನು ಕರೆತರಲು ಅವಳ ಶಾಲೆಗೆ ಹೋಗಿದ್ದೆ. ಅಗ್ನಿಶಾಮಕ ದಳದವರು ಮೈದಾನದಲ್ಲಿ ಒಂದು ಸಣ್ಣ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿಸಿ ಮಕ್ಕಳಿಗೆ ತೋರಿಸುತ್ತಿದ್ದರು. ಮಕ್ಕಳನ್ನೆಲ್ಲ ದೂರ ನಿಲ್ಲಿಸಿ, ಉದ್ದ ಕೋಲಿಗೆ ಕಟ್ಟಿದ ಲೋಟದಿಂದ ಒಂದೇ ಲೋಟ ನೀರು ಹಾಕಿದರು. ಬೆಂಕಿ ಎರಡಾಳು ಎತ್ತರ ಎದ್ದಿತು. ನೀರು ಎಣ್ಣೆಗಿಂತ ಭಾರ, ತಳಕ್ಕೆ ಹೋಗುತ್ತದೆ. ಆ ಕಾವಿಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹಿಗ್ಗಿ, ಮೇಲಿರುವ ಉರಿಯುವ ಎಣ್ಣೆಯನ್ನೆಲ್ಲ ಹೊರಗೆ ಎರಚುತ್ತದೆ. ನಮ್ಮ ಅಡುಗೆ ಮನೆ ಎಂಟಡಿ ಅಗಲ. ಯಜಮಾನರ ಕೊಡ ಬಾಣಲೆಗೆ ಬಿದ್ದಿದ್ದರೆ ಈ ಪತ್ರವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು.

ಆ ಪ್ರದರ್ಶನ ಏಪ್ರಿಲ್‌ನಲ್ಲೇ ಯಾಕೆ ಅಂತ ಆ ಸಿಬ್ಬಂದಿಯನ್ನೇ ಕೇಳಿದ್ದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸಿಡಿಮದ್ದು ಒಟ್ಟಿಗೆ ತುಂಬಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿದ್ದು ಸ್ಫೋಟವಾಯಿತು. ಆರಿಸಲು ಹೋದ ಅಗ್ನಿಶಾಮಕ ಸಿಬ್ಬಂದಿ ಬಹಳ ಮಂದಿ ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ. ಹತ್ತಿಗೆ ಬೆಂಕಿ ಬಿದ್ದರೆ ಏನಾಗುತ್ತದೆ ಅಂತ ಗಿರಣಿಗಳ ಕಾಲ ಕಂಡ ನಮ್ಮೂರಿನ ಹಿರಿಯರಿಗೆ ಬಿಡಿಸಿ ಹೇಳಬೇಕಿಲ್ಲ. ಸಪ್ತಾಹ ಏಪ್ರಿಲ್‌ನಲ್ಲೇ ಇರಲಿ. ಆದರೆ ಏಪ್ರಿಲ್‌ನಲ್ಲಿ ಯುಗಾದಿ ಮುಗಿದಿರುತ್ತದೆ, ಬಾಣಲೆಗಳು ಅಟ್ಟ ಸೇರಿರುತ್ತವೆ. ಗೌರಿ-ಗಣೇಶಕ್ಕೆ ಮುಂಚೆ ಒಂದು ಸಲ, ದೀಪಾವಳಿಗೆ ಮುಂಚೆ ಒಂದು ಸಲ ಬಡಾವಣೆಯ ಪಾರ್ಕುಗಳಲ್ಲಿ ಸಂಜೆ ಇದನ್ನೇ ತೋರಿಸಿದರೆ ನಾವೇ ಹೆಂಗಸರನ್ನು ಸೇರಿಸುತ್ತೇವೆ. ಗಂಡಸರನ್ನೂ ಸೇರಿಸಬೇಕು. ಕೊಡಕ್ಕೆ ಕೈ ಹಾಕುವವರು ಅವರೇ.

ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿನ್ನಲು ಹೋದಾಗ ಇತ್ತೀಚೆಗೆ ನನ್ನ ಕಣ್ಣು ಬಾಣಲೆ ಮೇಲೆಯೇ ಇರುತ್ತದೆ. ಮೆಣಸಿನಕಾಯಿ ಬಿಡುವವನು ನಾಲ್ಕೈದು ತಾಸು ದೊಡ್ಡ ಬಾಣಲೆಯ ಮುಂದೆ ಇರುತ್ತಾನೆ. ನಮ್ಮ ಮನೆಯದಕ್ಕಿಂತ ಐದು ಪಟ್ಟು ಎಣ್ಣೆ, ಅಷ್ಟೇ ಜೋರು ಉರಿ. ಆದರೆ ಅವನು ಜಾಗ ಬಿಟ್ಟು ಏಳುವುದಿಲ್ಲ. ದುಡ್ಡು ಇಸಿದುಕೊಳ್ಳಲು ಬೇರೆಯವರು, ಮಂಡಕ್ಕಿ ಕಲಸಲು ಬೇರೆಯವರು. ಎದ್ದರೆ ಇನ್ನೊಬ್ಬ ಕೂತ ಮೇಲೇ. ನಮ್ಮ ಮನೆಗಳಲ್ಲಿ ಹಿಟ್ಟು ಲಟ್ಟಿಸುವುದು, ಹೂರಣ ತುಂಬುವುದು, ಕರಿಯುವುದು, ಬಂದವರಿಗೆ ಕುಂಕುಮ ಕೊಡುವುದು, ಫೋನಿಗೆ ಹಲೋ ಅನ್ನುವುದು ಎಲ್ಲ ಒಬ್ಬಳೇ. ಈಗ ನಾನು ಒಂದು ನಿಯಮ ಮಾಡಿಕೊಂಡಿದ್ದೇನೆ. ಎದ್ದರೆ ಒಲೆ ಆರಿಸಿಯೇ ಏಳುವುದು. ಎಣ್ಣೆ ಆರುತ್ತದೆ, ಗ್ಯಾಸ್ ದಂಡ ಅಂತ ಅತ್ತೆಯವರು ಗೊಣಗುತ್ತಾರೆ. ಗೊಣಗಲಿ. ಬಾಣಲೆಗಿಂತ ಅಗಲದ ಮುಚ್ಚಳ ಕೈಗೆಟಕುವ ಕಡೆ ಇರುತ್ತದೆ. ಸೀರೆ ಕಾಟನ್ನಿನದು, ಸೆರಗು ಸೊಂಟಕ್ಕೆ. ಶೆಲ್ಫಿಗೆ ಪೇಪರ್ ಹಾಸುವುದನ್ನು ಬಿಟ್ಟಿದ್ದೇನೆ. ಎಕ್ಸಾಸ್ಟ್ ಫ್ಯಾನಿಗೆ ಕಟ್ಟಿದ ಜಿಡ್ಡನ್ನು ಹಬ್ಬಕ್ಕೆ ಮುಂಚೆ ಸೋಡಾಪುಡಿ ಹಾಕಿ ತಿಕ್ಕುತ್ತೇನೆ, ಯಾಕಂದರೆ ಬೆಂಕಿ ಮೇಲೆ ಎದ್ದರೆ ಮೊದಲು ಸಿಗುವುದು ಆ ಜಿಡ್ಡು.

ಸುಟ್ಟ ಮಣಿಕಟ್ಟಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎದುರು ಮನೆಯವರು ಟೂತ್‌ಪೇಸ್ಟ್ ಬಳಿದರು. ಪಾಪ, ಒಳ್ಳೆಯದಕ್ಕೇ. ಮರುದಿನ ಡಾಕ್ಟರು ಅದನ್ನು ಕೆರೆದು ತೆಗೆಯುವಾಗ ಸುಟ್ಟದ್ದಕ್ಕಿಂತ ಜಾಸ್ತಿ ಉರಿಯಿತು. ಪೇಸ್ಟು, ಬೆಣ್ಣೆ, ಶಾಯಿ, ಐಸು ಯಾವುದೂ ಬೇಡವಂತೆ. ಬಳೆ ತೆಗೆದು 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಬೇಕಂತೆ. ನೀರು ಬೇಕಾಗಿದ್ದದ್ದು ಅಲ್ಲಿ.

ಇನ್ನು ಹೊಗೆ ಅಲಾರಂ ಕಥೆ. ಇದನ್ನು ಓದಿ ನಗಬಹುದು, ನಾವೂ ನಕ್ಕಿದ್ದೇವೆ.

ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ನವೆಂಬರ್‌ನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಅಂತ ಹಬ್ಬ. ಮನೆ ಮಂದಿಯೆಲ್ಲ ಸೇರಿ ಟರ್ಕಿ ಕೋಳಿ ಬೇಯಿಸುತ್ತಾರೆ. ಅಲ್ಲಿನ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎ ಹೇಳುವ ಪ್ರಕಾರ ವರ್ಷದಲ್ಲಿ ಅತಿ ಹೆಚ್ಚು ಅಡುಗೆ ಬೆಂಕಿ ಆಗುವುದು ಅದೇ ದಿನ. ಮುಖ್ಯ ಕಾರಣ ಒಲೆ ಬಿಟ್ಟು ಹೋಗುವುದು. ಅಂದರೆ ಅಲ್ಲಿಯೂ ಯಾವುದೋ ಒಂದು ಚೆಂಡುಹೂವು ಬರುತ್ತದೆ ಅಂತಾಯಿತು. ಅಲ್ಲಿ ಪ್ರತಿ ಮಲಗುವ ಕೋಣೆಗೂ, ಪ್ರತಿ ಮಹಡಿಗೂ ಹೊಗೆ ಅಲಾರಂ ಇರುತ್ತದೆ. ನನ್ನ ಸಂಗತಿ ಕೇಳಿ ಮಗಳು ಹೆದರಿ, ಊರಿಗೆ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಒಂದನ್ನು ಕಳಿಸಿದಳು. ತಟ್ಟೆ ಇಡ್ಲಿಯಷ್ಟು ಅಗಲ, ಬೆಳ್ಳಗೆ. ಎರಡು ಪೆನ್ಸಿಲ್ ಸೆಲ್.

ಯಜಮಾನರು ಹುರುಪಿನಿಂದ ಅದನ್ನು ಒಲೆಯ ನೆತ್ತಿಯ ಮೇಲೇ ಹೊಡೆದರು. ಬೆಂಕಿ ಬಿದ್ದದ್ದು ಅಲ್ಲೇ ತಾನೇ? ಮರುದಿನ ಬೆಳಿಗ್ಗೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಚಟ್ ಅಂದಿತು. ಅಲಾರಂ ಬೀದಿಗೆಲ್ಲ ಕೇಳುವಂತೆ ಬಡಿದುಕೊಂಡಿತು. ಮಧ್ಯಾಹ್ನ ರೊಟ್ಟಿ ಸುಡುವಾಗ ಮತ್ತೆ. ಸಂಜೆ ಅತ್ತೆ ಲೋಬಾನ ಹಾಕಿದಾಗ ಮತ್ತೆ. ನಾಲ್ಕನೇ ದಿನಕ್ಕೆ ಸೆಲ್ ತೆಗೆದೆವು. ಅದೇ ವಾರ ಅಮಾವಾಸ್ಯೆ ಪೂಜೆಗೆ ಸರಿಯಾಗಿ ನಡುಮನೆಯ ಗಡಿಯಾರ ನಿಂತಿತು. ಪೂಜೆಯ ದಿನ ನಿಂತ ಗಡಿಯಾರ ಮನೆಯಲ್ಲಿ ಇರಬಾರದು ಅಂತ ಅತ್ತೆ. ಸೆಲ್ ಗಡಿಯಾರಕ್ಕೆ ಹೋಯಿತು. ಅಲಾರಂ ಗೋಡೆಯ ಮೇಲೆ ಸುಮ್ನೆ ಕೂತಿತು, ಮೂರು ತಿಂಗಳು. ಬಂದವರಿಗೆಲ್ಲ ‘ಅಮೆರಿಕದ್ದು’ ಅಂತ ತೋರಿಸಿದೆವು.

ಮಗಳು ವಿಡಿಯೊ ಕಾಲ್‌ನಲ್ಲಿ ‘ಅಮ್ಮ, ಬಟನ್ ಒತ್ತಿ ತೋರಿಸು’ ಅಂದಾಗಲೇ ಕಳ್ಳತನ ಬಯಲಾದದ್ದು. ಚೆನ್ನಾಗಿ ಬೈದಳು. ಸೆಲ್ ಇಲ್ಲದ ಅಲಾರಂ ಇರುವುದಕ್ಕಿಂತ ಇಲ್ಲದಿರುವುದೇ ಮೇಲಂತೆ, ಇಲ್ಲ ಅಂತ ಗೊತ್ತಾದರೂ ಇರುತ್ತದೆ. ಅಲ್ಲಿ ಮನೆ ಬೆಂಕಿಯಲ್ಲಿ ಸಾಯುವ ಐದು ಜನರಲ್ಲಿ ಸುಮಾರು ಮೂವರು ಸಾಯುವುದು ಅಲಾರಂ ಇಲ್ಲದ ಅಥವಾ ಇದ್ದೂ ಕೂಗದ ಮನೆಗಳಲ್ಲಿ ಎಂಬ ಲೆಕ್ಕವನ್ನೂ ಹೇಳಿದಳು. ಆಮೇಲೆ ಅದನ್ನು ಒಲೆಯಿಂದ ಹತ್ತಡಿಗಿಂತ ದೂರ, ಮಲಗುವ ಕೋಣೆಗಳ ಮುಂದೆ ಓಡಾಡುವ ಜಾಗದ ಚಾವಣಿಗೆ ಹಾಕಿಸಿದಳು. ಹೊಗೆ ಮೇಲಕ್ಕೆ ಹೋಗುವುದರಿಂದ ಅದು ಮೇಲೆಯೇ ಇರಬೇಕು, ಫ್ಯಾನಿನ ಗಾಳಿ ನೇರ ಹೊಡೆಯಬಾರದು. ಈಗ ಒಗ್ಗರಣೆಗೆ ತಕರಾರಿಲ್ಲ. ಅಪ್ಪಿತಪ್ಪಿ ಕೂಗಿದರೂ ಕಿಟಕಿ ತೆಗೆದು ಟವೆಲ್ ಬೀಸಿದರೆ ಸುಮ್ಮನಾಗುತ್ತದೆ.

ಮಲಗುವ ಕೋಣೆ ಮುಂದೆ ಯಾಕೆ ಅಂತ ಕೇಳಿದೆ. ನಿದ್ದೆಯಲ್ಲಿರುವವರಿಗೆ ಹೊಗೆಯ ವಾಸನೆಯಿಂದ ಎಚ್ಚರ ಆಗುತ್ತದೆ ಅಂತ ನಂಬುವಂತಿಲ್ಲ, ಸದ್ದಿನಿಂದ ಆಗುತ್ತದೆ. ಯೋಚಿಸಿದರೆ ಸರಿಯೇ. ಕರಿಯುವಾಗ ಹೊತ್ತಿಕೊಂಡರೆ ಯಾರಾದರೂ ಎಚ್ಚರ ಇರುತ್ತಾರೆ. ರಾತ್ರಿ ದೇವರ ಮನೆಯಲ್ಲಿ ಬಿಟ್ಟ ನಂದಾದೀಪ, ಕಿಟಕಿ ಪರದೆಯ ಪಕ್ಕ ಇಟ್ಟ ಹಣತೆ, ಇಲಿ ಎಳೆದುಕೊಂಡು ಹೋಗುವ ತುಪ್ಪದ ಬತ್ತಿ, ಒಂದೇ ಪ್ಲಗ್ಗಿಗೆ ಸಿಕ್ಕಿಸಿದ ನಾಲ್ಕು ಸರ ಸೀರಿಯಲ್ ಲೈಟು: ಇವು ಹತ್ತಿಕೊಳ್ಳುವುದು ನಾವು ಮಲಗಿದ ಮೇಲೆ. ಆಗ ಎದ್ದು ಓಡಬೇಕು ಅಂದರೆ ನಮ್ಮ ಮನೆಗಳ ಕಿಟಕಿಗೆಲ್ಲ ಕಬ್ಬಿಣದ ಸರಳು, ಮುಂದಿನ ಗ್ರಿಲ್ಲಿಗೆ ಬೀಗ. ನಮ್ಮ ಮನೆಯ ಕೀ ಯಜಮಾನರ ಅಂಗಿ ಜೇಬಿನಲ್ಲಿ ಇರುತ್ತಿತ್ತು. ಅಂಗಿ ಎಲ್ಲಿರುತ್ತದೋ ಅವರಿಗೇ ಗೊತ್ತಿರುವುದಿಲ್ಲ. ಈಗ ಗ್ರಿಲ್ಲಿನ ಒಳಗೋಡೆಗೆ, ಹೊರಗಿನಿಂದ ಕೈ ಎಟುಕದ ಕಡೆ ಒಂದು ಮೊಳೆ ಹೊಡೆದಿದ್ದೇವೆ. ಕೀ ಅಲ್ಲೇ. ಮೊಮ್ಮಗಳಿಗೂ ಗೊತ್ತು.

ತಿಂಗಳಿಗೊಮ್ಮೆ ಅಲಾರಂ ಬಟನ್ ಒತ್ತಿ ನೋಡಬೇಕು. ನಾವು ಅದಕ್ಕೆ ಅಮಾವಾಸ್ಯೆ ಗೊತ್ತು ಮಾಡಿದ್ದೇವೆ. ಆ ದಿನ ಹೇಗೂ ಮನೆ ತೊಳೆದು ಪೂಜೆ ಮಾಡುತ್ತೇವೆ. ಕೋಲಿನ ತುದಿಯಿಂದ ಬಟನ್ ಒತ್ತುವುದು ಮೊಮ್ಮಗಳ ಕೆಲಸ. ನಮ್ಮೂರಿನ ಧೂಳಿಗೆ ಅದರ ತೂತುಗಳು ಕಟ್ಟಿಕೊಳ್ಳುತ್ತವೆ, ಜೇಡ ಬಲೆ ಹಾಕುತ್ತದೆ, ಮೆತ್ತನೆಯ ಬ್ರಶ್‌ನಿಂದ ಒರೆಸಬೇಕು. ಬಣ್ಣ ಹೊಡೆಸುವಾಗ ಅದರ ಮೇಲೂ ಸುಣ್ಣ ಬಳಿದುಬಿಡುತ್ತಾರೆ, ನೋಡಿಕೊಳ್ಳಿ. ಸೆಲ್ ಮುಗಿಯುತ್ತಾ ಬಂದಾಗ ಆಗಾಗ ಟಿಕ್ ಅನ್ನುತ್ತದೆ. ನಮ್ಮ ಮನೆಯಲ್ಲಿ ಮೂರು ರಾತ್ರಿ ಅದನ್ನು ಹಲ್ಲಿ ಅಂದುಕೊಂಡು, ಅತ್ತೆ ಅದು ಯಾವ ದಿಕ್ಕಿನಲ್ಲಿ ಲೊಚಗುಟ್ಟಿತು ಅಂತ ಫಲ ಬೇರೆ ನೋಡಿದರು. ಸೆಲ್ ಬದಲಿಸುತ್ತಾ ಹೋದರೆ ಸಾಲದು. ಹತ್ತು ವರ್ಷಕ್ಕೆ ಅಲಾರಮ್ಮನ್ನೇ ಬದಲಿಸಬೇಕು. ತಯಾರಾದ ತಾರೀಕು ಅದರ ಬೆನ್ನಿಗೇ ಇರುತ್ತದೆ.

ಇಲ್ಲಿ ಒಂದು ಮೋಸದ ಬಗ್ಗೆ ಹೇಳಬೇಕು. ನಮ್ಮದನ್ನು ನೋಡಿ ಎದುರು ಮನೆಯವರೂ ಒಂದು ತರಲು ಹೋದರು. ಅಂಗಡಿಯವನು ‘ಗ್ಯಾಸ್ ಲೀಕ್ ಆದರೂ ಇದೇ ಕೂಗುತ್ತೆ’ ಅಂತ ಹೊಗೆ ಅಲಾರಂ ಕೊಟ್ಟು ಕಳಿಸಿದ್ದ. ಅವೆರಡೂ ಬೇರೆ ಬೇರೆ. ಹೊಗೆ ಅಲಾರಮ್ಮಿಗೆ ಗ್ಯಾಸು ಗೊತ್ತಾಗುವುದಿಲ್ಲ. ನಮ್ಮ ಅಡುಗೆ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಗ್ಯಾಸ್ ಅಲಾರಂ ಬೇರೆಯೇ ಕೊಳ್ಳಬೇಕು, ಅದನ್ನು ನೆಲಕ್ಕೆ ಹತ್ತಿರ ಹಾಕಬೇಕು. ಅದನ್ನು ಚಾವಣಿಗೆ ಹಾಕಿದರೆ ಗ್ಯಾಸು ಅಲ್ಲಿಗೆ ಏರುವಷ್ಟರಲ್ಲಿ ಅಡುಗೆ ಮನೆ ತುಂಬಿಹೋಗಿರುತ್ತದೆ.

ಅಲಾರಂ ಕೊಳ್ಳುವ ಶಕ್ತಿ ಇಲ್ಲದವರಿಗೆ ಮೂಗು ಇದೆ. ಗ್ಯಾಸಿಗೆ ಸ್ವಂತ ವಾಸನೆ ಇಲ್ಲ, ನಮಗೆ ಗೊತ್ತಾಗಲಿ ಅಂತಲೇ ಆ ಕೊಳೆತ ವಾಸನೆ ಸೇರಿಸಿರುತ್ತಾರೆ. ವಾಸನೆ ಬಂದರೆ ಲೈಟು ಹಾಕಬೇಡಿ. ಹಾಕಿದ್ದರೆ ಆರಿಸಲೂಬೇಡಿ, ಸ್ವಿಚ್ಚಿನ ಕಿಡಿ ಎರಡಕ್ಕೂ ಬರುತ್ತದೆ. ರೆಗ್ಯುಲೇಟರ್ ಆರಿಸಿ, ಬಾಗಿಲು ಕಿಟಕಿ ತೆಗೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುವ ನಂಬರ್ ಅದು. ಬೆಂಕಿಯೇ ಬಿದ್ದರೆ 101 ಅಥವಾ 112. ಕಿತ್ತಳೆ ಬಣ್ಣದ ಗ್ಯಾಸ್ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ತಾರೀಕು ಪೈಪಿನ ಮೇಲೇ ಇರುತ್ತದೆ. ನಮ್ಮದರದ್ದು ಮುಗಿದು ಎರಡು ವರ್ಷವಾಗಿತ್ತು! ಸಿಲಿಂಡರ್ ತರುವ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿ, ಕ್ಯಾಪ್ ತೆಗೆಸಿ ವಾಷರ್ ನೋಡಿಸಿಕೊಳ್ಳಿ. ಹಬ್ಬದ ವಾರ ಅವನಿಗೂ ಅವಸರ, ನಮಗೂ ಅವಸರ. ಆದರೂ ನೋಡಿಸಿ. ಸಿಲಿಂಡರಿನ ಕೊರಳ ಪಟ್ಟಿಯ ಒಳಗೆ ಇಂಗ್ಲಿಷಿನ ಎ, ಬಿ, ಸಿ, ಡಿ ಅಕ್ಷರದ ಜೊತೆ ವರ್ಷ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಹಾಗೇ ಮೂರು ಮೂರು ತಿಂಗಳಿಗೆ ಒಂದೊಂದು ಅಕ್ಷರ. ಆ ಅವಧಿ ದಾಟಿದ ಸಿಲಿಂಡರ್ ಬಂದರೆ ವಾಪಸ್ ಕಳಿಸಿ.

ಪತ್ರ ಉದ್ದವಾಯಿತು. ನಾನು ಕೇಳುವುದು ಚಿಕ್ಕದು. ಮುಂದಿನ ಸಲ ನಿಮ್ಮ ಪುರವಣಿಯಲ್ಲಿ ಕರಿದ ತಿಂಡಿಯ ವಿಧಾನ ಬಂದಾಗ ‘ಬೇಕಾಗುವ ಸಾಮಾನು’ ಪಟ್ಟಿಯಲ್ಲಿ ಮೈದಾ, ಕೊಬ್ಬರಿ, ಸಕ್ಕರೆ, ಏಲಕ್ಕಿ ಆದ ಮೇಲೆ ‘ಬಾಣಲೆ ಮುಚ್ಚುವಷ್ಟು ಅಗಲದ ಮುಚ್ಚಳ ಒಂದು’ ಅಂತ ಸೇರಿಸಿ. ಕೊನೆಗೆ ‘ಒಲೆ ಆರಿಸದೆ ಏಳಬೇಡಿ; ಎಣ್ಣೆ ಹತ್ತಿಕೊಂಡರೆ ನೀರು ಹಾಕಬೇಡಿ, ಮುಚ್ಚಿ, ಒಂದು ತಾಸು ತೆಗೆಯಬೇಡಿ’ ಅಂತ ಹಾಕಿ. ವಿಧಾನ ಕತ್ತರಿಸಿ ಡಬ್ಬಿಗೆ ಅಂಟಿಸಿಕೊಳ್ಳುವ ಹೆಂಗಸರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದರ ಜೊತೆ ಇದೂ ಅಂಟಿಕೊಳ್ಳುತ್ತದೆ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ಈ ಸಲದ ದೀಪಾವಳಿಗೆ ಹನ್ನೊಂದು ಮನೆಯ ಆರ್ಡರ್ ಇದೆ, ಅವರು ಹೆದರಿಕೊಂಡಾರು.

ಇಂತಿ,
ನಿಮ್ಮ ಪತ್ರಿಕೆಯ ಓದುಗಿ
ವಿದ್ಯಾನಗರ, ದಾವಣಗೆರೆ